ಅಜ್ಜಯ್ಯನ 64 ತೋಟೆಗಳ ಲೆಕ್ಕ

ಭಾಗ 1/8

ಹೋದ ವಾರದ ಸ್ಟೋರಿ ನೋಡಿ ಸುಮಾರು ಜನ ಮೆಸೇಜ್ ಮಾಡಿದ್ರಿ, "ಅವು ಎಂಥ ಹಿತ್ತಾಳೆ ಡಬ್ಬಿಗಳು ಮಾರಾಯ್ತಿ?" ಅಂತ. ನಮ್ಮ ಕ್ಲಾಸಿನ ಒಬ್ಬಳು ಹಳೇ ಲಿಪ್‌ಸ್ಟಿಕ್ ಕವರ್ ಅಂದ್ಕೊಂಡಳಂತೆ. ಇನ್ನೊಬ್ಬ ಕುಂಕುಮದ ಭರಣಿ ಅಂದ. ಎರಡೂ ಅಲ್ಲ. ಅವು ತೋಟೆಗಳು. ಅಡಿಕೆ ತೋಟ ಅಲ್ಲ, ಕೋವಿಯ ತೋಟೆ. ಪೇಪರಿನವರು ಕಾಡತೂಸು ಅಂತ ಬರೀತಾರಲ್ಲ, ಅದೇ. ಹನ್ನೆರಡು ಬೋರಿನ ಒಂಟಿ ನಳಿಗೆ ಕೋವಿಗೆ ಹಾಕುವಂಥವು. ಎಲ್ಲವೂ ಖಾಲಿ, ಒಂದರಲ್ಲೂ ಮದ್ದಿಲ್ಲ, ಹಾಗಾಗಿ ಗಾಬರಿ ಬೇಡ.

ನನ್ನ ಮನೆ ಹೊಸನಗರ ತಾಲ್ಲೂಕು, ಕಾಲೇಜು ಸಾಗರ, ಅಮ್ಮನ ತವರು ತೀರ್ಥಹಳ್ಳಿ ಕಡೆ. ವಾರವಿಡೀ ಸಾಗರದಲ್ಲಿ ಬಿಕಾಂ, ರಜೆ ಬಂದರೆ ರಿಪ್ಪನ್‌ಪೇಟೆ, ಕೋಣಂದೂರು ದಾರಿ ಹಿಡಿದು ಅಜ್ಜಯ್ಯನ ಮನೆ. ಅಜ್ಜಯ್ಯಂಗೆ ಈಗ 78. ಬೆಳೆ ರಕ್ಷಣೆಗೆ ಅಂತ 1971ರಲ್ಲಿ ಅವರ ಹೆಸರಿಗೆ ಕೋವಿ ಲೈಸೆನ್ಸ್ ಆಯ್ತು. ಈ ಸಲದ ನವೀಕರಣದ ಹೊತ್ತಿಗೆ ಅವರು ಒಂದು ತೀರ್ಮಾನ ಮಾಡಿದಾರೆ: ಇನ್ನು ನನ್ನ ಹೆಸರಲ್ಲಿ ಬೇಡ.

ಹಾಗಾದ್ರೆ ಯಾರ ಹೆಸರಲ್ಲಿ? ಮನೆಯಲ್ಲಿ ಎರಡು ತಿಂಗಳಿಂದ ಇದೇ ಮಾತು. ಅದರ ಮಧ್ಯೆ ಅಜ್ಜಯ್ಯ ನನ್ನ ಕೈಗೆ ಮೂರು ತಗಡಿನ ಡಬ್ಬ, ಒಂದು ಹಳೇ ಪುಸ್ತಕ ಕೊಟ್ಟು, "ನೀನು ಲೆಕ್ಕ ಓದ್ತೀಯಲ್ಲ, ಇವನ್ನ ವಿಂಗಡಿಸಿ ಒಂದು ಪಟ್ಟಿ ಮಾಡು. ಕೊಡೋದಾದ್ರೆ ಲೆಕ್ಕ ಚುಕ್ತಾ ಮಾಡಿ ಕೊಡಬೇಕು" ಅಂದ್ರು.

ಈ ಸರಣಿ ಆ ಪಟ್ಟಿಯ ಕಥೆ. ಇದರಲ್ಲಿ ಶಿಕಾರಿ ಕಥೆ ಇಲ್ಲ. ಅದಕ್ಕೆ ಅಂತ ಕಾಯ್ತಿದ್ರೆ ಈಗಲೇ ಸ್ಕ್ರೋಲ್ ಮಾಡ್ಕೊಂಡು ಹೋಗಿ, ಬೇಜಾರಿಲ್ಲ.

ಭಾಗ 2/8

ಮೊದಲು ಬೇಸಿಕ್ಸ್. ಎನ್‌ಸಿಸಿಯಲ್ಲಿ ಇದ್ದೋರಿಗೆ ಗೊತ್ತಿರತ್ತೆ. ಕ್ಯಾಂಪಿನಲ್ಲಿ ಟೂ-ಟೂ ರೈಫಲ್ಲಿಗೆ ಐದು ಗುಂಡು ಕೊಟ್ಟರೆ ಐದು ಖಾಲಿ ಕೇಸ್ ವಾಪಸ್ ಒಪ್ಪಿಸಬೇಕು. ಒಂದು ಕಮ್ಮಿ ಆದ್ರೂ ಯಾರೂ ಊಟಕ್ಕೆ ಏಳೋ ಹಾಗಿಲ್ಲ, ಹುಲ್ಲಿನಲ್ಲಿ ಹುಡುಕು. "ಆ ತುಂಡು ಹಿತ್ತಾಳೆಗೆ ಇಷ್ಟು ರಗಳೆನಾ?" ಅಂತ ನಾವೆಲ್ಲ ಗೊಣಗಿದ್ವಿ.

ತೋಟೆ ಅಂದ್ರೆ ನಾಲ್ಕು ವಸ್ತು ಸೇರಿದ್ದು: ಹೊರಗಿನ ಕವಚ, ಹಿಂದೆ ಕೇಪು, ಒಳಗೆ ಮದ್ದು, ಮುಂದೆ ಗುಂಡು ಅಥವಾ ಚರೆ. ಈಡು ಹಾರಿದ ಮೇಲೆ ಉಳಿಯೋದು ಕವಚ ಮಾತ್ರ. ಅದರ ಕೆಲಸ ಬರೀ ಡಬ್ಬಿಯದ್ದಲ್ಲ. ಮದ್ದು ಉರಿದ ಕ್ಷಣ ಕವಚ ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಂಡು ಹೊಗೆ, ಬೆಂಕಿ ಹಿಂದಕ್ಕೆ ಬರದ ಹಾಗೆ ಮುಚ್ಚತ್ತೆ. ಆಮೇಲೆ ಸ್ವಲ್ಪ ಕುಗ್ಗಿ ಸಡಿಲ ಆಗತ್ತೆ, ಆದ್ದರಿಂದ ಹೊರಗೆ ಎಳೆಯಲಿಕ್ಕೆ ಬರತ್ತೆ. ಹಿಗ್ಗಬೇಕು, ಒಡೀಬಾರದು, ಮತ್ತೆ ಕುಗ್ಗಬೇಕು. ಅದಕ್ಕೇ ಹಿತ್ತಾಳೆ. ನೂರರಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಈ ಅಳತೆಯ ಮಿಶ್ರಣಕ್ಕೆ ಲೋಹದೋರು ಕಾರ್ಟ್ರಿಜ್ ಬ್ರಾಸ್ ಅಂತಲೇ ಹೆಸರಿಟ್ಟಿದಾರೆ.

ಎಲ್ಲ ಕವಚವನ್ನೂ ಮತ್ತೆ ಬಳಸಲಿಕ್ಕೆ ಬರಲ್ಲ. ಟೂ-ಟೂ ಗುಂಡಿಗೆ ಪ್ರತ್ಯೇಕ ಕೇಪು ಇಲ್ಲ, ಸಿಡಿಯೋ ವಸ್ತು ಅದರ ಅಂಚಿನೊಳಗೇ ಇರತ್ತೆ. ಕುದುರೆ ಬಿದ್ದಾಗ ಅಂಚು ಜಜ್ಜಿ ಹೋಗತ್ತೆ, ಅಲ್ಲಿಗೆ ಅದರ ಕಥೆ ಮುಗೀತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್ಸ್‌ನಲ್ಲಿ ಕಂಚು ಗೆದ್ದರಲ್ಲ, ನಾವೆಲ್ಲ ಕ್ಯಾಂಟೀನಿನಲ್ಲಿ ಒಂದೇ ಫೋನಿಗೆ ಮುಗಿಬಿದ್ದು ನೋಡಿದ್ವಿ. ಅವತ್ತು ಹಾರಿದ್ದೂ ಟೂ-ಟೂ ಗುಂಡೇ, ಒಂದೇ ಸಲದ್ದು.

ಆದರೆ ಕೇಪು ನಡುಮಧ್ಯೆ ಕೂರೋ ತೋಟೆಗಳು ಬೇರೆ ಜಾತಿ. ಅವಕ್ಕೆ ಪುನರ್ಜನ್ಮ ಉಂಟು. 300 ಮೀಟರ್ ಸ್ಪರ್ಧೆಯ ದೊಡ್ಡ ರೈಫಲ್ಲಿನವು ಹಾಗೆ. ಅಜ್ಜಯ್ಯನ ಹಿತ್ತಾಳೆ ತೋಟೆಗಳೂ ಹಾಗೆ.

ಭಾಗ 3/8

ಸ್ವೈಪ್ ಮಾಡಿದ್ರೆ ನಾನು ಬಿಡಿಸಿದ ಚಿತ್ರ ಕಾಣತ್ತೆ. 300 ಮೀಟರ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತ 100 ಮಿಲಿಮೀಟರ್. ಅಂದ್ರೆ ಒಂದು ದೊಡ್ಡ ಬಟ್ಟಲಿನಷ್ಟು, ನಮ್ಮ ಕಾಲೇಜು ಮೈದಾನದ ಆಚೆ ತುದಿಗಿಂತ ಎಷ್ಟೋ ದೂರದಲ್ಲಿ. ಅಷ್ಟು ದೂರ ಹೋಗುವಾಗ ಒಂದು ಗುಂಡಿನ ವೇಗ ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಒಂದು ಮೇಲೆ, ಒಂದು ಕೆಳಗೆ. ಕವಚದ ದಪ್ಪ ಬೇರೆ ಆದ್ರೆ ಒಳಗಿನ ಜಾಗ ಬೇರೆ, ಜಾಗ ಬೇರೆ ಆದ್ರೆ ಒತ್ತಡ ಬೇರೆ, ಒತ್ತಡ ಬೇರೆ ಆದ್ರೆ ವೇಗ ಬೇರೆ. ಶೂಟರ್ ಎಷ್ಟೇ ಉಸಿರು ಬಿಗಿಹಿಡಿದರೂ ಡಬ್ಬಿಯಲ್ಲೇ ಗಡಿಬಿಡಿ ಇದ್ರೆ ಹಲಗೆಯಲ್ಲೂ ಗಡಿಬಿಡಿ.

ಆದ್ದರಿಂದ ಈ ಸ್ಪರ್ಧೆಗಳಲ್ಲಿ ಮರುಬಳಕೆಯ ಕವಚ ಇಟ್ಟುಕೊಳ್ಳೋರು ಅವನ್ನ ಮೂರು ರೀತಿ ವಿಂಗಡಿಸ್ತಾರೆ. ಯಾವ ಕಂಪನಿ, ಯಾವ ಬ್ಯಾಚು, ಎಷ್ಟು ಸಲ ಹಾರಿದೆ. ಒಂದೊಂದು ಬ್ಯಾಚಿಗೆ ಒಂದೊಂದು ಪೆಟ್ಟಿಗೆ, 50 ಗುಳಿ ಇರೋದು, ಮೇಲೆ ಚೀಟಿ. ಒಂದು ಬ್ಯಾಚಿನ ಎಲ್ಲವೂ ಒಂದೊಂದು ಸಲ ಆದ ಮೇಲೇ ಎರಡನೇ ಸುತ್ತು. ಮದುವೆ ಮನೆ ಪಂಕ್ತಿ ಇದ್ದ ಹಾಗೆ: ಕೊನೇ ಎಲೆಗೆ ಪಾಯಸ ಬೀಳೋ ತನಕ ಮೊದಲನೇ ಎಲೆಗೆ ಎರಡನೇ ಸೌಟಿಲ್ಲ. ಹಾಗಿದ್ರೆ ಮಾತ್ರ ಎಲ್ಲದರ ವಯಸ್ಸು ಒಂದೇ ಇರತ್ತೆ.

ವಯಸ್ಸು ಅಂದ್ರೆ ವರ್ಷ ಅಲ್ಲ ಮತ್ತೆ. ಬಿಕಾಂನೋರು ಕೇಳಿ, ಪರೀಕ್ಷೆಗೂ ಆಗತ್ತೆ. ಡೆಪ್ರಿಸಿಯೇಷನ್ ಅಂದ್ರೆ ನಮಗೆ ಸ್ಟ್ರೈಟ್ ಲೈನ್, ರಿಟನ್ ಡೌನ್ ವ್ಯಾಲ್ಯೂ ಎರಡೇ ನೆನಪಾಗೋದು. ಮೂರನೇದು ಯೂನಿಟ್ಸ್ ಆಫ್ ಪ್ರೊಡಕ್ಷನ್. ಯಂತ್ರ ಎಷ್ಟು ವರ್ಷ ಇತ್ತು ಅಂತ ನೋಡಲ್ಲ, ಎಷ್ಟು ಕೆಲಸ ಮಾಡ್ತು ಅಂತ ನೋಡೋದು. ಹಿತ್ತಾಳೆ ತೋಟೆಗೆ ಅದೇ ಸರಿಯಾದ ಲೆಕ್ಕ. ಹತ್ತು ವರ್ಷ ಸುಮ್ಮನೆ ಡಬ್ಬದಲ್ಲಿ ಇದ್ರೆ ಅದು ಸವೆಯಲ್ಲ. ಒಂದೊಂದು ಸಲ ಹಿಗ್ಗಿ ಕುಗ್ಗಿದಾಗಲೂ ಬಾಯಿಯ ಹತ್ರ ಹಿತ್ತಾಳೆ ಗಡಸಾಗ್ತಾ ಬರತ್ತೆ. ಗಡಸಾಗಿ ಗಡಸಾಗಿ ಒಂದಿನ ಸೀಳತ್ತೆ. ಅದಕ್ಕೇ ಬಾಯಿಯ ಭಾಗ ಹದವಾಗಿ ಕಾಯಿಸಿ ಮೆತ್ತಗೆ ಮಾಡೋ ಕ್ರಮವೂ ಉಂಟು. ಕಂಚುಗಾರರಿಗೆ, ಪಾತ್ರೆ ಬಡಿಯೋರಿಗೆ ಇದು ಹೊಸ ಸಂಗತಿ ಅಲ್ಲ.

ಇಷ್ಟೆಲ್ಲ ಓದ್ಕೊಂಡು ನಾನು ಅಜ್ಜಯ್ಯನ ಡಬ್ಬ ತೆಗೆದೆ. ಒಳಗೆ ನೋಡಿದ್ರೆ ಪ್ರತಿ ತೋಟೆಯ ಮೈಮೇಲೆ ಮೊಳೆಯಲ್ಲಿ ಕೊರೆದ ಸಣ್ಣ ಸಣ್ಣ ಗೀಟು.

ಭಾಗ 4/8

"ಇದು ಎಂಥಕ್ಕೆ ಅಜ್ಜಯ್ಯ?"

"ಒಂದು ಈಡಿಗೆ ಒಂದು ಗೀಟು. ಏಳಾದ್ರೆ ನಿವೃತ್ತಿ."

ಸರ್ಕಾರಿ ನೌಕರರಿಗೆ 60, ಅಜ್ಜಯ್ಯನ ತೋಟೆಗೆ 7. ಯಾರು ಹೇಳಿಕೊಟ್ಟರು ಅಂತ ಕೇಳಿದ್ದಕ್ಕೆ, "ಎಂಟನೇದಕ್ಕೆ ಒಂದು ಸೀಳಿತ್ತು. ಆಮೇಲೆ ಏಳಕ್ಕೇ ನಿಲ್ಸಿದೆ" ಅಂದ್ರು. ಅವರ ಹತ್ರ ಚೀಟಿ, ಗುಳಿ ಇರೋ ಪೆಟ್ಟಿಗೆ ಯಾವುದೂ ಇರಲಿಲ್ಲ. ಹಾರ್ಲಿಕ್ಸ್ ಬಾಟಲಿ, ಬಿಸ್ಕತ್ತಿನ ಡಬ್ಬ, ಒಂದು ಮೊಳೆ.

ನಾವಿಬ್ಬರೂ ಜಗಲಿಯಲ್ಲಿ ಅಡಿಕೆ ಹರಡೋ ಚಾಪೆ ಹಾಸಿ ಕೂತ್ವಿ. ಮೂರು ಡಬ್ಬದಿಂದ 16, 30, 18. ಒಟ್ಟು 64. ಬುಡದ ಮುದ್ರೆ ನೋಡಿ ಮೊದಲ ವಿಂಗಡಣೆ: ಕೈನಾಕ್ ಅಂತ ಓದೋಕಾಗೋದು 22 (ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹಳೇ ಕಂಪನಿ, ಅಜ್ಜಯ್ಯಂಗೆ ಅವರ ಅಪ್ಪಯ್ಯನಿಂದ ಬಂದದ್ದು), ಬರೀ 12 ಅನ್ನೋ ಸಂಖ್ಯೆ ಮಾತ್ರ ಉಳಿದದ್ದು 31, ಏನೂ ಕಾಣದ್ದು 11. ಎರಡನೇ ವಿಂಗಡಣೆ ಗೀಟಿನ ಲೆಕ್ಕಕ್ಕೆ. ಮೂರನೇದು ಆರೋಗ್ಯ. ಬಾಯಿ ಸೀಳಿದೆಯಾ, ಬುಡ ಉಬ್ಬಿದೆಯಾ, ಕೇಪು ಕೂರೋ ಗುಂಡಿ ಸಡಿಲಾಗಿದೆಯಾ.

ನಾನು ಕಣ್ಣಲ್ಲಿ ನೋಡ್ತಿದ್ದೆ. ಅಜ್ಜಯ್ಯಂಗೆ ಕಣ್ಣು ಅಷ್ಟು ಕಾಣಲ್ಲ, ಅವರು ಕಿವಿಯಲ್ಲಿ ನೋಡಿದ್ರು. ಒಂದೊಂದನ್ನೂ ಕಲ್ಲಿನ ಮೆಟ್ಟಿಲಿಗೆ ಮೆಲ್ಲಗೆ ತಟ್ಟಿ, "ಇದು ಒಳ್ಳೇದು, ಇದು ಹೋಗಿದೆ" ಅಂತ. ಗಟ್ಟಿ ಇರೋದು ಗಂಟೆಯ ಹಾಗೆ ಟಿಣ್ ಅನ್ನತ್ತೆ, ಸೀಳಿದ್ದು ಮಡಕೆ ಹೋಳಿನ ಹಾಗೆ ಟಪ್ ಅನ್ನತ್ತೆ. ಸಂತೆಯಲ್ಲಿ ಗಡಿಗೆ ತಗೊಳ್ಳುವಾಗ ಅಜ್ಜಿ ಮಾಡೋದೂ ಇದನ್ನೇ. ಅವರು ಹೋಗಿದೆ ಅಂದ ಒಂದನ್ನ ನಾನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡಿತು.

ಯಾಕೆ ಹಿತ್ತಾಳೆಯದ್ದೇ ಇಟ್ಕೊಂಡಿದ್ರು ಅಂತಲೂ ಕೇಳಿದೆ. ಆಗ ಅಂಗಡಿಯಲ್ಲಿ ಸಿಗೋದು ಕಾಗದದ ಕವಚದ್ದು. ನಮ್ಮ ಮಳೆಗಾಲದ ಥಂಡಿಗೆ ಅದು ಉಬ್ಬಿ ನಳಿಗೆಗೇ ಹೋಗ್ತಿರಲಿಲ್ಲ. ಆಗುಂಬೆ ಇರೋ ತಾಲ್ಲೂಕು ಇದು. ಆರಿಸಿ ಇಟ್ಟ ಹಪ್ಪಳವೇ ಮೆತ್ತಗಾಗತ್ತೆ, ಕಾಗದದ ತೋಟೆ ಯಾವ ಲೆಕ್ಕ? ಪ್ಲಾಸ್ಟಿಕ್ಕಿನ ಕವಚ ಬಂದ ಮೇಲೆ ಅಜ್ಜಯ್ಯ ಶಕ್ತಿಮಾನ್ ಅನ್ನೋ ಸರ್ಕಾರಿ ಕಾರ್ಖಾನೆಯ ತೋಟೆಗೆ ಬದಲಾದ್ರು. ಹಿತ್ತಾಳೆಯವು 1999ಕ್ಕೆ ನಿಂತವು.

ಭಾಗ 5/8

ಈ ಫೋಟೋ ಝೂಮ್ ಮಾಡಿ ನೋಡಿ. ಉದ್ದಕ್ಕೆ, ಬಾಯಿಯಿಂದ ಬುಡದ ಕಡೆಗೆ ಸೀಳು. ಇಂಥವು 14. ಹದಿನಾಲ್ಕೂ ಒಂದೇ ಡಬ್ಬದವು, 16 ಇದ್ದ ಡಬ್ಬದವು. ಗೀಟು ನೋಡಿದ್ರೆ ಮೂರೋ ನಾಲ್ಕೋ. ಏಳು ಯಾವುದಕ್ಕೂ ಆಗಿಲ್ಲ. ನನ್ನ ಯೂನಿಟ್ಸ್ ಆಫ್ ಪ್ರೊಡಕ್ಷನ್ ಸಿದ್ಧಾಂತ ಇಲ್ಲಿ ಕೈ ಕೊಡ್ತು. ಕೆಲಸ ಮಾಡದೇ ಇದ್ರೂ ಇವು ಒಡೆದಿವೆ.

ಅಜ್ಜಯ್ಯ ಡಬ್ಬ ಮೂಸಿ ನೋಡಿ, "ಇದು ಎಲ್ಲಿತ್ತು?" ಅಂದ್ರು. ಅಜ್ಜಿ ಒಳಗಿಂದಲೇ ಹೇಳಿದ್ರು: ಹಂಚು ಇಳಿಸಿ ಮಾಡು ರಿಪೇರಿ ಮಾಡಿದ ವರ್ಷ ಸಾಮಾನೆಲ್ಲ ಕೊಟ್ಟಿಗೆ ಅಟ್ಟಕ್ಕೆ ಹೋಯ್ತು, ಇದೊಂದು ಅಲ್ಲೇ ಉಳೀತು. "ಹಾಗಾದ್ರೆ ಸರಿ. ಗಂಜಲದ ಗಾಳಿ ತಾಗಿದೆ. ಹಿತ್ತಾಳೆಗೆ ಅದು ಆಗಿಬರಲ್ಲ."

ನಾನು ಇದನ್ನ ಅಜ್ಜಯ್ಯನ ನಂಬಿಕೆ ಅಂದ್ಕೊಂಡು ಹುಡುಕಿದ್ರೆ, ಲೋಹಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೊಂದು ಹೆಸರೇ ಇದೆ: ಸೀಸನ್ ಕ್ರ್ಯಾಕಿಂಗ್. ಆ ಹೆಸರು ಬಂದದ್ದೂ ನಮ್ಮ ದೇಶದ ಮಳೆಗಾಲದಿಂದ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಹಿತ್ತಾಳೆ ತೋಟೆಗಳನ್ನ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡ್ತಿದ್ರು. ಬಿಸಿಲು ಬಂದ ಮೇಲೆ ತೆಗೆದರೆ ಹಾರಿಸದೇ ಇದ್ದ ತೋಟೆಗಳೂ ಬಿರುಕು ಬಿಟ್ಟಿರ್ತಿದ್ವು. ಕಾರಣ ಪಕ್ಕಾ ಆದದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಅನ್ನೋ ಮೂವರಿಂದ. ಕುದುರೆ ಉಚ್ಚೆಯಿಂದ ಬರೋ ಅಮೋನಿಯ, ಜೊತೆಗೆ ಗಾಳಿಯ ತೇವ. ಕಾರ್ಖಾನೆಯಲ್ಲಿ ಹಿತ್ತಾಳೆಯನ್ನ ಎಳೆದು ಕೊಳವೆ ಮಾಡುವಾಗ ಒಳಗೊಳಗೇ ಒಂದು ಬಿಗಿತ ಉಳಿದಿರತ್ತೆ. ಅಮೋನಿಯ ಆ ಬಿಗಿತ ಇರೋ ಜಾಗ ಹುಡುಕಿ ಬಿರುಕು ತೆರೆಯತ್ತೆ. ತೋಟೆಯನ್ನ ಹದವಾಗಿ ಕಾಯಿಸಿದ್ರೆ ಬಿಗಿತ ಹೋಗತ್ತೆ, ಬಿರುಕಿನ ಕಾಟವೂ ತಪ್ಪತ್ತೆ.

ಲಾಯದ ಬದಲು ಕೊಟ್ಟಿಗೆ, ಕುದುರೆ ಬದಲು ದನ. ಉಳಿದದ್ದೆಲ್ಲ ಅದೇ. ಅಡುಗೆಮನೆ ಪಕ್ಕದ ಕೋಣೆಯ ಮರದ ಪೆಟ್ಟಿಗೆಯಲ್ಲಿದ್ದ 48ರಲ್ಲಿ ಕೆಟ್ಟದ್ದು ಬರೀ 5, ಅವೂ ಬಾಯಿ ಸವೆದದ್ದು. ಕೊಟ್ಟಿಗೆ ಅಟ್ಟದ 16ರಲ್ಲಿ ಕೆಟ್ಟದ್ದು 14. ಒಟ್ಟು ಒಳ್ಳೇದು 45, ಹೋದದ್ದು 19.

ಇದನ್ನ ಇಷ್ಟುದ್ದ ಬರೆಯೋದಕ್ಕೆ ಕಾರಣ ಇದೆ. ದುಡಿದು ಸವೆಯೋದು ಒಂದು, ಇಟ್ಟ ಜಾಗ ಸರಿ ಇಲ್ಲದೆ ಒಡೆಯೋದು ಇನ್ನೊಂದು. ಎರಡಕ್ಕೂ ಪಟ್ಟಿಯಲ್ಲಿ ಬೇರೆ ಬೇರೆ ಕಾಲಂ ಬೇಕು. ನಾನು ಹಾಗೇ ಮಾಡಿದೆ.

ಭಾಗ 6/8

ಈಗ ಪುಸ್ತಕ. ಕೆಂಪು ರಟ್ಟು, ಉದ್ದ ಹಾಳೆ, ಅಂಗಡಿ ಲೆಕ್ಕದ ಪುಸ್ತಕ. 1971ರಿಂದ 1999. ಪ್ರತಿ ಸಾಲಿನಲ್ಲೂ ತಾರೀಖು, ಜಾಗ, ಯಾಕೆ ಹಾರಿಸಿದ್ದು. ಮೂರು ದಿನ ಕೂತು ಎಲ್ಲ ಒಟ್ಟು ಮಾಡಿದೆ.

ಒಟ್ಟು ನಮೂದು 311.
ಶಬ್ದಕ್ಕೆ: 203.
ಗುರಿ: 61.
ಹಂದಿ: 38.
ಹುಸಿ: 9.

ಹುಸಿ ಅಂದ್ರೆ ಕೇಪು ಸಿಡಿದೂ ಈಡು ಹಾರದ್ದು. ಗುರಿ ಅಂದ್ರೆ ಮನೆ ಹಿಂದಿನ ಧರೆಗೆ ತೆಂಗಿನಕಾಯಿ ಇಟ್ಟು ಮಾಡಿದ ಅಭ್ಯಾಸ. ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಅಂದ್ರೆ ಕೊಡಗಿನೋರದ್ದೇ ಹೆಸರು, ಕೈಲ್‌ಪೋದ್ ಹಬ್ಬದ ಹೊತ್ತಿಗೆ ಊರೂರಲ್ಲಿ ನಡೆಯತ್ತೆ. ಅಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, ಸದ್ಯಕ್ಕೆ 2029ರ ತನಕ. ನಮ್ಮ ಕಡೆ ಹಾಗಿಲ್ಲ. ಪ್ರತಿ ಕೋವಿಗೂ ಕಾಗದ, ಅಂಗಡಿಯಲ್ಲಿ ಕೊಂಡ ತೋಟೆಗೂ ಲೆಕ್ಕ.

ಶಬ್ದಕ್ಕೆ ಅಂದ್ರೆ ಆಕಾಶಕ್ಕೆ. ಮಂಗ ಓಡಿಸೋಕೆ, ಗದ್ದೆಗೆ ಬಂದ ಹಂದಿ ಹಿಂಡು ಚದುರಿಸೋಕೆ. ಮೂರರಲ್ಲಿ ಎರಡು ಪಾಲು ಈಡು ಬರೀ ಶಬ್ದ! ನಮ್ಮ ನೆಂಟರಿಷ್ಟರಲ್ಲಿ ಅಜ್ಜಯ್ಯ ಅಂದ್ರೆ ದೊಡ್ಡ ಶಿಕಾರಿ. ಮದುವೆ ಮನೆಗೆ ಹೋದ್ರೂ ಅವರ ಗುರಿಯ ಕಥೆ ಹೇಳೋರು ಸಿಗ್ತಾರೆ. ಪುಸ್ತಕದಲ್ಲಿ ಇರೋ ಮನುಷ್ಯ ಬೇರೆಯೇ. ನಾನು ಕೇಳಿದೆ, ಎಲ್ಲರೂ ಹಾಗೆ ಹೇಳುವಾಗ ಸುಮ್ಮನೆ ಇರ್ತೀರಲ್ಲ ಅಂತ. "ಕಥೆಗೆ ಮದ್ದು ಬೇಡ, ಹೇಳ್ಕೊಳ್ಳಲಿ" ಅಂದ್ರು. ಆ 38ರ ಬಗ್ಗೆ ಮಾತ್ರ ಅವರು ಮಾತಾಡಲ್ಲ.

ಇನ್ನು ನಮ್ಮ ಸಬ್ಜೆಕ್ಟು, ರಿಕನ್ಸಿಲಿಯೇಷನ್. ಬ್ಯಾಂಕ್ ಪಾಸ್‌ಬುಕ್ಕಿಗೂ ಕ್ಯಾಶ್‌ಬುಕ್ಕಿಗೂ ತಾಳೆ ನೋಡೋದಿಲ್ವಾ, ಹಾಗೆ. ಹುಸಿ 9 ಕಳೆದರೆ ಹಾರಿದ ಈಡು 302. ಒಂದು ಈಡಿಗೆ ಒಂದು ಗೀಟು ಅಂದ್ರೆ 64 ತೋಟೆಗಳ ಮೇಲೆ 302 ಗೀಟು ಇರಬೇಕು. ನಾನು ಎಣಿಸಿದ್ದು 287. ಎರಡನೇ ಸಲ ಎಣಿಸಿದಾಗಲೂ 287. ಹದಿನೈದು ಗೀಟು ಎಲ್ಲಿ ಹೋಯ್ತು?

1982ರ ಆಷಾಢದಲ್ಲಿ ಒಂದು ಸಾಲು ಸಿಕ್ಕಿತು: "3 ತೋಟೆ ಹಳ್ಳದ ಪಾಲು." ಒಂದೊಂದರ ಮೇಲೂ ಐದು ಗೀಟು ಇದ್ದಿದ್ರೆ ಹದಿನೈದು. ಉಳಿದವುಗಳ ಸರಾಸರಿ ತೆಗೆದರೂ ಒಂದಕ್ಕೆ ಹತ್ತಿರ ಹತ್ತಿರ ನಾಲ್ಕೂವರೆ. ತಾಳೆ ಆಯ್ತು. ಖುಷಿಗೆ ಜಗಲಿಯಲ್ಲೇ ಒಂದು ಕುಣಿತ ಹಾಕಿದೆ, ಅದರ ರೀಲ್ ಇಲ್ಲ, ಕೇಳಬೇಡಿ.

ಭಾಗ 7/8

ಲೈಸೆನ್ಸಿನ ವಿಚಾರಕ್ಕೆ ಬರ್ತೀನಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಇದ್ದೋರಿಗೆ 70 ವರ್ಷ ಆಗಿದ್ರೆ, ಅಥವಾ ಕೋವಿ ಇಟ್ಕೊಂಡು 25 ವರ್ಷ ಆಗಿದ್ರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸೋಕೆ ಅರ್ಜಿ ಹಾಕಬಹುದು. ಕೊಡೋದು ಬಿಡೋದು ಜಿಲ್ಲಾಧಿಕಾರಿ ಕಚೇರಿಯ ತೀರ್ಮಾನ, ಪೊಲೀಸ್ ವರದಿಯೂ ಬೇಕು.

ಮಾವ ಇರೋದು ಬೆಂಗಳೂರಲ್ಲಿ. "ಠಾಣೆಗೆ ಒಪ್ಪಿಸಿಬಿಡಿ ಅಪ್ಪಯ್ಯ" ಅಂತಾರೆ. ಮಾವನ ಮಗನಿಗೆ ಬೇಕಂತೆ, ಫ್ಲ್ಯಾಟಿನ ಗೋಡೆಗೆ ತೂಗುಹಾಕೋಕೆ. "ಗೋಡೆಗೆ ಕೋವಿ ಎಂಥಕ್ಕೆ, ಫೋಟೋ ಸಾಕು" ಅಂದ್ರು ಅಜ್ಜಯ್ಯ. ನನಗೆ ಆಸೆ ಇದೆ, ಸುಳ್ಳು ಹೇಳಲ್ಲ. ಆದರೆ ಕಾನೂನು 21 ಕೇಳತ್ತೆ, ನನಗೆ 20. ಜೊತೆಗೆ ನನಗೆ ಬೇಕಾದ್ದು ಗುರಿಹಲಗೆ, ತೋಟ ಕಾಯೋ ಕೋವಿ ಅಲ್ಲ. ಅದಕ್ಕೆ ದಾರಿಯೇ ಬೇರೆ.

ಅಮ್ಮಂಗೆ ಕೋವಿ ಅಂದ್ರೆ ಆಗಲ್ಲ. ಮನೆಯಲ್ಲಿ ಕೋವಿ ಇದ್ರೆ ಬೀಗ ಹಾಕಿದ್ರೂ ನಿದ್ದೆ ಅರ್ಧ ಅಂತಾರೆ. 2024ರ ಲೋಕಸಭೆ ಚುನಾವಣೆಗೆ, ನಮ್ಮಲ್ಲಿ ಮೇ 7ಕ್ಕೆ ಮತದಾನ ಇತ್ತಲ್ಲ, ಕೋವಿ ಠಾಣೆಯಲ್ಲಿ ಇಟ್ಟಿದ್ದಾಗ, "ಅಲ್ಲೇ ಇರಲಿ" ಅಂದಿದ್ರು. ಹದಿನೈದು ದಿನಕ್ಕೊಮ್ಮೆ ತವರಿಗೆ ಬಂದು ತೋಟ ನೋಡ್ಕೊಳ್ಳೋದು ಮಾತ್ರ ಅವರೇ.

ಪಟ್ಟಿ ಮುಗಿದ ಭಾನುವಾರ ಅಮ್ಮ ಬಂದ್ರು. ನಾನು ಪುಸ್ತಕ ತೆರೆದು ಹದಿನೈದು ಗೀಟಿನ ಪತ್ತೇದಾರಿ ಹೇಳ್ತಿದ್ದೆ. ಅಮ್ಮ 1986ರ ಪುಟದ ಮೇಲೆ ಕೈ ಇಟ್ಟು ಸುಮ್ಮನಾದ್ರು. ಅಲ್ಲಿಂದ ಅಕ್ಷರ ಬದಲಾಗಿದೆ, ದುಂಡಗಾಗಿದೆ. ನಾನು ಅಜ್ಜಯ್ಯನ ಕೈ ತಿರುಗಿದೆ ಅಂದ್ಕೊಂಡಿದ್ದೆ.

"ನಂದೇ ಅಕ್ಷರ" ಅಂದ್ರು ಅಮ್ಮ. "ಆಗ ಐದನೇ ಕ್ಲಾಸು. ಅಪ್ಪಯ್ಯ ಹೇಳೋದು, ನಾನು ಬರೆಯೋದು. ಬರೀದೆ ಊಟಕ್ಕೆ ಕೂರೋ ಹಾಗಿರಲಿಲ್ಲ." ಹದಿಮೂರು ವರ್ಷದ ಲೆಕ್ಕ ಅಮ್ಮನದ್ದು!

ಮತ್ತೆ 1982ರ ಸಾಲಿಗೆ ಬಂದು, "ಇದು ನಂಗೆ ನೆನಪಿದೆ. ಹಳ್ಳ ದಾಟ್ತಾ ಇದ್ವಿ, ನಾನು ಅಪ್ಪಯ್ಯನ ಹೆಗಲ ಮೇಲೆ. ನೀರು ಸೊಂಟಕ್ಕೆ ಬಂತು. ಅವರು ಚೀಲ ಬಿಟ್ಟು ನನ್ನ ಎರಡೂ ಕಾಲು ಹಿಡ್ಕೊಂಡ್ರು" ಅಂದ್ರು. ಆರು ವರ್ಷದ ಮಗು ಆಗ ಅಮ್ಮ. ಪುಸ್ತಕದಲ್ಲಿ ತೋಟೆಯ ಲೆಕ್ಕ ಮಾತ್ರ ಇತ್ತು.

ಅಜ್ಜಯ್ಯ ಅಡಿಕೆ ಕತ್ತರಿಸ್ತಾ ತಲೆ ಎತ್ತದೆ ಹೇಳಿದ್ರು: "ಗುರಿ ಯಾರು ಬೇಕಾದ್ರೂ ಕಲೀತಾರೆ. ಲೆಕ್ಕ ಇಡೋರ ಕೈಗೆ ಕೋವಿ ಕೊಡಬೇಕು. ನಿನ್ನ ಹೆಸರಿಗೇ ಅರ್ಜಿ ಬರೆಸೋಣ ಮಗಾ."

ಅದು ನನಗೆ ಹೇಳಿದ್ದಲ್ಲ, ಅಮ್ಮಂಗೆ.

ಭಾಗ 8/8

ಅಮ್ಮ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಅರ್ಜಿ ದೇವರ ಕೋಣೆಯ ಗೂಡಿನಲ್ಲಿದೆ, ಸಹಿ ಬಿದ್ದಿಲ್ಲ. "ಪಟ್ಟಿ ಟೈಪ್ ಮಾಡು, ಮೊದಲು ಅದನ್ನ ನೋಡ್ತೀನಿ" ಅಂದ್ರು. ಮಾವ ಫೋನ್ ಮಾಡಿ, "ಹೆಂಗಸರಿಗೆ ಎಂಥಕ್ಕೆ ಆ ರಗಳೆ" ಅಂದಾಗ ಮಾತ್ರ ಅಮ್ಮ, "ಹದಿಮೂರು ವರ್ಷ ಬರೆಯುವಾಗ ಯಾರೂ ಹಾಗೆ ಕೇಳಿರಲಿಲ್ಲ" ಅಂದ್ರು. ನಾನು ಏನೂ ಹೇಳಲಿಲ್ಲ. ಅವರು ಬೇಡ ಅಂದು ಠಾಣೆಗೆ ಒಪ್ಪಿಸಿದ್ರೂ ನನಗೆ ಒಪ್ಪಿಗೆಯೇ. ಕೋವಿ ಇದ್ರೂ, ಹೋದ್ರೂ, ಅದನ್ನ ತೀರ್ಮಾನಿಸೋ ಹಕ್ಕು ಅಮ್ಮಂದು ಅಂತ ಈ ಪಟ್ಟಿಯಿಂದ ಗೊತ್ತಾಯ್ತು.

64 ಖಾಲಿ ತೋಟೆಗಳ ಗತಿ? ಅವನ್ನ ಮತ್ತೆ ತುಂಬೋ ಪ್ರಶ್ನೆಯೇ ಇಲ್ಲ. ತೋಟೆ ತಯಾರಿಸೋಕೆ ಕಾನೂನು ಬೇರೆಯೇ ಪರವಾನಗಿ ಕೇಳತ್ತೆ. ಇನ್ನೊಂದು ವಿಷಯ ಸುಮಾರು ಜನಕ್ಕೆ ಗೊತ್ತಿಲ್ಲ: 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡು ಅನ್ನೋ ಪದಕ್ಕೆ ಕೊಡೋ ಅರ್ಥದಲ್ಲಿ ಅದರ ಬಿಡಿಭಾಗಗಳೂ ಸೇರ್ತವೆ. ಹಾಗಾಗಿ ಇವನ್ನ ಶೋಕೇಸಿಗೆ ಇಡೋದೋ ಗುಜರಿಗೆ ಹಾಕೋದೋ ಅಂತ ನಾವೇ ತೀರ್ಮಾನ ಮಾಡೋ ಬದಲು, ಅಜ್ಜಯ್ಯ ಪಟ್ಟಿ ಸಮೇತ ಠಾಣೆಗೆ ಹೋಗಿ ಕೇಳ್ತಾರೆ. ಅದಕ್ಕೇ ಪಟ್ಟಿಯಲ್ಲಿ ಡಬ್ಬ, ಮುದ್ರೆ, ಗೀಟು, ಸ್ಥಿತಿ ಅಂತ ನಾಲ್ಕು ಕಾಲಂ. ಕೆಳಗೆ ಒಳ್ಳೇದು 45, ಸವೆದದ್ದು 5, ಕೊಟ್ಟಿಗೆ ಗಾಳಿಗೆ ಒಡೆದದ್ದು 14, ಹಳ್ಳದ ಪಾಲು 3.

ನಮ್ಮ ಮೂರು ತಾಲ್ಲೂಕಿನಲ್ಲಿ ಹಳೇ ಮನೆಗಳ ಅಟ್ಟದ ಮೇಲೆ ಇಂಥ ಡಬ್ಬ ಇನ್ನೂ ಎಷ್ಟೋ ಇರಬಹುದು. ನಿಮ್ಮನೇಲಿ ಸಿಕ್ಕಿದ್ರೆ ಇಷ್ಟು ಮಾಡಿ.

ಮೊದಲು ದೊಡ್ಡೋರಿಗೆ ಹೇಳಿ, ಒಬ್ಬೊಬ್ಬರೇ ಕೈ ಹಾಕಬೇಡಿ. ತುಂಬಿದ್ದೋ ಖಾಲಿಯೋ ಅನ್ನೋ ಅನುಮಾನ ಒಂದು ಚೂರು ಇದ್ರೂ ಮುಟ್ಟಬೇಡಿ, ಕುಟ್ಟಬೇಡಿ, ಬಿಸಿಲಿಗೆ ಬೆಂಕಿಗೆ ಇಡಬೇಡಿ, ಠಾಣೆಗೆ ತಿಳಿಸಿ. ಅಜ್ಜಯ್ಯ ತಟ್ಟಿ ನೋಡಿದ್ದು ಖಾಲಿ ಅಂತ ಒಂದೊಂದನ್ನೂ ಖಾತ್ರಿ ಮಾಡ್ಕೊಂಡ ಮೇಲೆ.

ಬ್ಯಾಗಿಗೆ ಹಾಕ್ಕೊಂಡು ಕಾಲೇಜಿಗೆ ತರಬೇಡಿ, ಕೀಚೈನ್ ಮಾಡಿಸಬೇಡಿ. ಬಸ್ ಸ್ಟ್ಯಾಂಡಲ್ಲಿ ಚೆಕ್ ಮಾಡಿದ್ರೆ ನಿಮ್ಮ ಅಜ್ಜನ ಕಥೆ ಅಲ್ಲಿ ನಡೆಯಲ್ಲ.

ಮನೆಯಲ್ಲಿ ಲೈಸೆನ್ಸ್ ಇದ್ದೋರು ತೀರಿಕೊಂಡಿದ್ರೆ ಕೋವಿಯನ್ನ ಹಾಗೇ ಮೂಲೆಯಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಠಾಣೆಗೆ ಒಪ್ಪಿಸಿ, ಬೇಕಿದ್ರೆ ಆಮೇಲೆ ವಾರಸುದಾರರು ಅರ್ಜಿ ಹಾಕಬಹುದು.

ಮತ್ತೆ, ಡಬ್ಬದ ಜೊತೆ ಪುಸ್ತಕ ಇದ್ರೆ ಅದನ್ನ ಎಸೀಬೇಡಿ. ಯಾರ ಅಕ್ಷರ ಅಂತ ಮನೆಯಲ್ಲಿ ಕೇಳಿ.

ಮುಂದಿನ ಶನಿವಾರ ಅಜ್ಜಯ್ಯ, ಅಮ್ಮ ಇಬ್ಬರೂ ಠಾಣೆಗೆ ಹೋಗ್ತಾರೆ. ನನಗೆ ಅವತ್ತು ಇಂಟರ್ನಲ್ಸ್, ಕಾಸ್ಟ್ ಅಕೌಂಟಿಂಗು. ಏನಾಯ್ತು ಅಂತ ಸ್ಟೋರಿ ಹಾಕ್ತೀನಿ.

#ಮಲೆನಾಡು #ತೀರ್ಥಹಳ್ಳಿ #ಹೊಸನಗರ #ಸಾಗರ #ಅಜ್ಜಯ್ಯನಲೆಕ್ಕ #ಬಿಕಾಂಬದುಕು